ಅಮೆರಿಕದ ಕೋಸ್ಟ್ ಗಾರ್ಡ್ ದೋಣಿ ನೋಂದಣಿ: ಹಕ್ಕುಪತ್ರಗಳ ಇತಿಹಾಸಕ್ಕಾಗಿ ಮಾಡಿಸಬೇಕಾದದ್ದು

ಅಮೆರಿಕದಲ್ಲಿ ಸ್ವಂತ ಬಳಕೆಗೆ ದೋಣಿ ಕೊಂಡವರು ಅದನ್ನು ತಮ್ಮ ರಾಜ್ಯದಲ್ಲಿ ನೋಂದಾಯಿಸಬಹುದು. ಇಲ್ಲವೇ ಕರಾವಳಿ ಕಾವಲು ಪಡೆಯಾದ ಕೋಸ್ಟ್ ಗಾರ್ಡ್‌ನ ನ್ಯಾಷನಲ್ ವೆಸೆಲ್ ಡಾಕ್ಯುಮೆಂಟೇಶನ್ ಸೆಂಟರ್‌ನಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ದಾಖಲೆ ಮಾಡಿಸಬಹುದು. ವೆಸ್ಟ್ ವರ್ಜೀನಿಯಾದ ಫಾಲಿಂಗ್ ವಾಟರ್ಸ್ ಎಂಬ ಊರಿನಲ್ಲಿರುವ ಈ ಕಚೇರಿಯ ಸೇವೆಯನ್ನು ಹೆಚ್ಚಿನವರು ಹೊಗಳುವುದು ಕೆನಡಾ, ಬಹಾಮಾಸ್ ಕಡೆಗೆ ಹೋದಾಗ ದೋಣಿಯ ರಾಷ್ಟ್ರೀಯತೆಗೆ ಗಟ್ಟಿ ಪುರಾವೆ ಸಿಗುತ್ತದೆ ಎಂಬ ಕಾರಣಕ್ಕೆ. ಆ ಮಾತು ನಿಜವೇ ಆದರೂ, ಇದರ ನಿಜವಾದ ಬೆಲೆ ಇರುವುದು ಅಲ್ಲಿ ಕಾಪಾಡಿಟ್ಟ ಕಾಗದಪತ್ರಗಳಲ್ಲಿ ಎಂಬುದು ಬಳಸಿ ನೋಡಿದ ನನ್ನ ಅಭಿಪ್ರಾಯ.

ಊರಿನಲ್ಲಿ ಸೈಟು ಕೊಳ್ಳುವಾಗ ನಾವು ಮೊದಲು ಇ.ಸಿ. ತೆಗೆಸುತ್ತೇವಲ್ಲ, ಅಂಥದ್ದೇ ಒಂದು ದಾಖಲೆ ಇಲ್ಲಿ 25 ಡಾಲರಿಗೆ ಸಿಗುತ್ತದೆ. ಅಬ್‌ಸ್ಟ್ರಾಕ್ಟ್ ಆಫ್ ಟೈಟಲ್ ಎಂಬ ಈ ಪತ್ರದಲ್ಲಿ ದೋಣಿ ಯಾರಿಂದ ಯಾರಿಗೆ ಬಂತು, ಯಾವ ಸಾಲಕ್ಕೆ ಅಡಮಾನವಾಗಿತ್ತು, ಆ ಸಾಲ ತೀರಿತೇ ಎಂಬುದೆಲ್ಲ ಕಚೇರಿಗೆ ಸಲ್ಲಿಕೆಯಾದ ಕ್ರಯಪತ್ರ, ಅಡಮಾನಪತ್ರಗಳ ಪ್ರಕಾರ ಸಾಲಾಗಿ ನಮೂದಾಗಿರುತ್ತದೆ. ದೊಡ್ಡ ಮೊತ್ತದ ಸಾಲ ಕೊಡುವ ಬ್ಯಾಂಕುಗಳು ಫೆಡರಲ್ ದಾಖಲೆಯನ್ನೇ ಕೇಳುವುದು ಅಡಮಾನದ ಹಕ್ಕು ಇಲ್ಲಿ ಭದ್ರವಾಗಿರುತ್ತದೆ ಎಂಬ ಕಾರಣದಿಂದ. ಕಚೇರಿ ಕೊಡುವ ಪ್ರಮಾಣಪತ್ರವೊಂದೇ ಮಾಲೀಕತ್ವಕ್ಕೆ ಅಂತಿಮ ಸಾಕ್ಷ್ಯವಲ್ಲವೆಂದು ಕಾನೂನೇ ಹೇಳುವುದರಿಂದ, ಹಳೆಯ ದೋಣಿ ಕೊಳ್ಳುವವರು ಮಾರುವವರು ತೋರಿಸುವ ಪ್ರಮಾಣಪತ್ರವನ್ನಷ್ಟೇ ನೋಡಿ ಮುಂಗಡ ಕೊಡದೆ ಈ ಪತ್ರವನ್ನು ತರಿಸಿಕೊಂಡು ಓದಬೇಕು.

ಆದರೆ ಈ ಸೇವೆ ಎಲ್ಲರಿಗೂ ದೊರೆಯುವುದಿಲ್ಲ. ಮಾಲೀಕರು ಅಮೆರಿಕದ ಪೌರರಾಗಿರಬೇಕು. ಜಂಟಿಯಾಗಿ ಕೊಂಡಿದ್ದರೆ ಪ್ರತಿಯೊಬ್ಬರೂ ಪೌರರಾಗಿರಬೇಕು. ಗ್ರೀನ್ ಕಾರ್ಡ್‌ ಅಥವಾ ಎಚ್-1ಬಿ ವೀಸಾದಲ್ಲಿರುವ ನಮ್ಮವರಿಗೆ ಉಳಿಯುವುದು ರಾಜ್ಯದ ನೋಂದಣಿಯೇ. ಇದಲ್ಲದೆ ದೋಣಿ ಕನಿಷ್ಠ 5 ನೆಟ್ ಟನ್ ಇರಬೇಕು. ಇದು ತೂಕವಲ್ಲ, ಒಳಗಿನ ಗಾತ್ರದ ಅಳತೆ: 30 ಅಡಿ ಉದ್ದ, 10 ಅಡಿ ಅಗಲ, 5 ಅಡಿ ಆಳದ ಮೋಟಾರು ದೋಣಿ ಸರಳ ಸೂತ್ರದಲ್ಲಿ ಸುಮಾರು 8 ನೆಟ್ ಟನ್ ಆಗುತ್ತದೆ. ಸಾಮಾನ್ಯವಾಗಿ 25 ಅಡಿ ದಾಟಿದ ದೋಣಿಗಳು ಅರ್ಹವಾಗುತ್ತವೆ.

ಅರ್ಜಿಯ ಶುಲ್ಕ 133 ಡಾಲರ್, ವಿಹಾರದ ದೋಣಿಗೆ ನವೀಕರಣ ವರ್ಷಕ್ಕೆ 26 ಡಾಲರ್. ಐದು ವರ್ಷಗಳಿಗೆ ಒಟ್ಟಿಗೇ ಕಟ್ಟಬಹುದು. ದೋಣಿಯ ಹೆಸರನ್ನು ರೋಮನ್ ಲಿಪಿಯಲ್ಲೇ ಬರೆಯಬೇಕು, 33 ಅಕ್ಷರ ಮೀರಬಾರದು. ಶರಾವತಿ, ನೇತ್ರಾವತಿ ಎಂದಿಡಲು ಅಡ್ಡಿಯಿಲ್ಲ, ಆದರೆ ಅದರೊಂದಿಗೆ ಬರೆಯುವ ಬಂದರಿನ ಊರು ಅಮೆರಿಕದ್ದೇ ಆಗಿರಬೇಕು. ಇವೆರಡೂ ಹೊರಮೈಯಲ್ಲಿ ಕನಿಷ್ಠ 4 ಅಂಗುಲ ಎತ್ತರದ ಅಕ್ಷರಗಳಲ್ಲಿರಬೇಕು. ಅಧಿಕೃತ ಸಂಖ್ಯೆಯನ್ನು ದೋಣಿಯ ಒಳಗಿನ ಮುಖ್ಯ ರಚನಾ ಭಾಗದ ಮೇಲೆ ಕನಿಷ್ಠ 3 ಅಂಗುಲ ಎತ್ತರದ ಅಂಕಿಗಳಲ್ಲಿ, ಅಳಿಸಿದರೆ ಗುರುತು ಉಳಿಯುವಂತೆ ಅಚ್ಚೊತ್ತಿಸಬೇಕು. ಕಳವಾದ ದೋಣಿಯ ಗುರುತು ಬದಲಿಸುವುದನ್ನು ಇದು ಕಷ್ಟವಾಗಿಸುವುದರಿಂದ ಈ ನಿಯಮ ನನಗೆ ಬಹಳ ಒಪ್ಪಿಗೆಯಾಗಿದೆ.

ಫೆಡರಲ್ ದಾಖಲೆ ಮಾಡಿಸಿದ ಮಾತ್ರಕ್ಕೆ ರಾಜ್ಯದ ಬಾಕಿ ತಪ್ಪುತ್ತದೆಂದು ಯಾರೂ ಭಾವಿಸಬಾರದು. ಫ್ಲೋರಿಡಾದಲ್ಲಿ ಇಂತಹ ದೋಣಿಯೂ ರಾಜ್ಯದ ನೋಂದಣಿ ಮಾಡಿಸಿ ಸ್ಟಿಕ್ಕರ್ ಅಂಟಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಡಿಎಂವಿ (ರಾಜ್ಯದ ಮೋಟಾರು ವಾಹನ ಇಲಾಖೆ) ನೋಂದಣಿ ಬೇಡವಾದರೂ ಕೌಂಟಿಯ ಆಸ್ತಿ ತೆರಿಗೆ ಇದ್ದೇ ಇರುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮಾಲೀಕರ ವಿಳಾಸ ಸಾರ್ವಜನಿಕ ದಾಖಲೆಯಾದುದರಿಂದ, ನವೀಕರಣದ ಗಡುವು ಹತ್ತಿರವಾದಾಗ ಖಾಸಗಿ ಕಂಪನಿಗಳಿಂದ ಸರ್ಕಾರಿ ನೋಟಿಸಿನಂತೆಯೇ ಕಾಣುವ ಪತ್ರಗಳು ಬರುತ್ತವೆ. ನನಗೆ ಬಂದ ಪತ್ರವೊಂದರಲ್ಲಿ ಕೇಳಿದ್ದ ಹಣ ನಿಜವಾದ ಶುಲ್ಕಕ್ಕಿಂತ ಬಹುಪಟ್ಟು ಹೆಚ್ಚಿತ್ತು. ಕೋಸ್ಟ್ ಗಾರ್ಡ್ ಕೂಡ ಇದರ ಬಗ್ಗೆ ಜನರನ್ನು ಎಚ್ಚರಿಸುತ್ತಲೇ ಬಂದಿದೆ. ಪತ್ರದಲ್ಲಿರುವ ಕೊಂಡಿಯನ್ನು ನಂಬದೆ, ಕೋಸ್ಟ್ ಗಾರ್ಡ್‌ನ ಸ್ವಂತ ಜಾಲತಾಣಕ್ಕೆ ನೇರವಾಗಿ ಹೋಗಿ ಹಣ ಕಟ್ಟಿರಿ.