ಹೋಂಸ್ಟೇ ನಿಜ, ಫೋನ್ ನಂಬರ್ ಸುಳ್ಳು: ಕಾರವಾರಕ್ಕೆ ಹೊರಟವರು ಓದಿ

ಹೋದ ಡಿಸೆಂಬರ್ ಕೊನೆಯ ವಾರ ನಾನು ₹21,450 ಕಳೆದುಕೊಂಡೆ. ಬರೆಯಲು ನಾಚಿಕೆ ಆಗುತ್ತದೆ. ಮನೆಯಲ್ಲಿ ಎಲ್ಲರಿಗೂ 'ಓಟಿಪಿ ಯಾರಿಗೂ ಹೇಳಬೇಡಿ' ಅಂತ ಪಾಠ ಹೇಳುವವನು ನಾನೇ. ಓಟಿಪಿ ಯಾರೂ ಕೇಳಲೇ ಇಲ್ಲ ನೋಡಿ, ಅಲ್ಲೇ ನಾನು ಬಿದ್ದದ್ದು.

ನಾವು ಹುಬ್ಬಳ್ಳಿಯವರು. ಅವ್ವ, ಹೆಂಡತಿ, ಆರನೇ ಕ್ಲಾಸಿನ ಮಗಳು, ನಾನು. ಎರಡು ರಾತ್ರಿ ಕಾರವಾರದಲ್ಲಿದ್ದು ಸುಮ್ನೆ ಸಮುದ್ರ ನೋಡಿಕೊಂಡು ಬರೋಣ ಅಂತ ಇತ್ತು. ಹೊರಡುವ ನಾಲ್ಕು ದಿನ ಮೊದಲು ರೂಮ್ ಹುಡುಕಲು ಕೂತೆ. ಕ್ರಿಸ್‌ಮಸ್ ರಜೆ, ಫೋನ್ ಮಾಡಿದಲ್ಲೆಲ್ಲ 'ಫುಲ್ ಸರ್'. "ಸೀದಾ ಹೋಗೂಣು ನಡಿ, ಅಲ್ಲೇ ಎಲ್ಲರ ಸಿಗತಾವ" ಅಂದಳು ಅವ್ವ. ನಾನು ಕೇಳಲಿಲ್ಲ. ದೇವಬಾಗದ ಕಡೆ ಒಂದು ಹೋಂಸ್ಟೇ ಮ್ಯಾಪಿನಲ್ಲಿ ಕಂಡಿತು. ಒಳ್ಳೆ ರೇಟಿಂಗ್, ಜನ ಬರೆದ ಅನಿಸಿಕೆಗಳೂ ಚೆನ್ನಾಗಿದ್ದವು. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.

ಫೋನ್ ಎತ್ತಿದವನು ಹಿಂದಿ ಬೆರೆಸಿದ ಕನ್ನಡದಲ್ಲಿ ಬಹಳ ವಿನಯದಿಂದ ಮಾತಾಡಿದ. "ಒಂದೇ ರೂಮ್ ಉಳಿದಿದೆ ಸರ್, ಇನ್ನೊಬ್ಬರು ಲೈನಲ್ಲಿದ್ದಾರೆ." ರಾತ್ರಿಗೆ ₹3,000, ಅರ್ಧ ಅಡ್ವಾನ್ಸ್. ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಗಾಳಿಮರಗಳ ನಡುವೆ ಜೋಕಾಲಿ, ಹಿಂದೆ ಸಮುದ್ರ. ಬೇರೆ ಕಡೆ ಇದರ ಎರಡರಷ್ಟು ಕೇಳುತ್ತಿದ್ದ ವಾರ ಅದು. ಇವನಿಗೆ ಯಾಕೆ ಅಗ್ಗ ಅಂತ ಆಗ ತಲೆಗೆ ಹೊಳೆಯಲಿಲ್ಲ, ನಮ್ಮ ಪುಣ್ಯ ಅಂದುಕೊಂಡೆ. "ಕಾಳಿ ಸೇತುವೆ ದಾಟಿದ ಮೇಲೆ ದಾರಿ ಹೇಗೆ?" ಅಂತಲೂ ಕೇಳಿದ್ದೆ. "ಮ್ಯಾಪ್ ಹಾಕಿಕೊಂಡು ಬನ್ನಿ ಸರ್" ಅಂದ. ₹3,000 ಹಾಕುವಾಗ ಪರದೆಯ ಮೇಲೆ ಬಂದದ್ದು ಹೋಂಸ್ಟೇ ಹೆಸರಲ್ಲ, ಯಾರೋ ಹೆಂಗಸಿನ ಹೆಸರು. ಕೇಳಿದೆ. "ನಮ್ಮ ಅಕೌಂಟೆಂಟ್ ಮೇಡಂ ಸರ್." ಸರಿ ಅಂದೆ.

ಹೊರಟ ದಿನ ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಿದ್ದೆವು. ಹನ್ನೊಂದೂವರೆ ಇರಬೇಕು. ಅವನದೇ ಫೋನ್. "ಇವತ್ತು ಚೆಕ್-ಇನ್ ಅಲ್ವಾ ಸರ್, ಗೆಸ್ಟ್ ವೆರಿಫಿಕೇಶನ್ ಬಾಕಿ ಇದೆ. ಮಾಡದಿದ್ದರೆ ಸಿಸ್ಟಮ್ ರೂಮನ್ನು ಬೇರೆಯವರಿಗೆ ಕೊಟ್ಟುಬಿಡುತ್ತೆ. ಲೈನಲ್ಲೇ ಇರಿ, ಎರಡೇ ನಿಮಿಷ."

ಈ ಎರಡು ನಿಮಿಷವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಕ್ಯೂಆರ್ ಕಳಿಸಿದ. ಅದನ್ನು ಪೇಮೆಂಟ್ ಆ್ಯಪಿನಲ್ಲಿ ತೆರೆಯಲು ಹೇಳಿದ. ತೆರೆದೆ. "ಈಗ ಖಾಲಿ ಜಾಗ ಕಾಣ್ತಾ ಇದೆಯಾ ಸರ್? ಅಲ್ಲಿ ನಿಮ್ಮ ಬುಕಿಂಗ್ ಕೋಡ್ ಹಾಕಿ. ಒನ್ ಎಯ್ಟ್ ಫೋರ್ ಫೈವ್ ಝೀರೋ." ಒಂದೊಂದೇ ಅಂಕಿ ಹೇಳಿದ. ಹದಿನೆಂಟು ಸಾವಿರದ ನಾನೂರ ಐವತ್ತು ಅಂತ ಬಾಯಿ ತಪ್ಪಿಯೂ ಅನ್ನಲಿಲ್ಲ. ಒಂದೊಂದಾಗಿ ಕೇಳಿದಾಗ ಅದು ನಿಜವಾಗಿಯೂ ಕೋಡಿನ ಹಾಗೆಯೇ ಕೇಳಿಸುತ್ತದೆ. ಆ ಖಾಲಿ ಜಾಗದ ಪಕ್ಕ ರೂಪಾಯಿ ಚಿಹ್ನೆ ಇತ್ತು, ನಾನು ನೋಡಿದ್ದೆ ಕೂಡ. "ಅದು ಹಣ ಅಲ್ಲ ಸರ್, ಕೋಡ್. ಪಿನ್ ಹಾಕಿದರೆ ವೆರಿಫೈ ಆಗುತ್ತೆ." ಒಂದು ಕಿವಿಯಲ್ಲಿ ಅವನು, ಇನ್ನೊಂದು ಕಡೆ ಮಗಳು "ಅಪ್ಪಾ, ಬಾತ್‌ರೂಮ್" ಅಂತ ಅಂಗಿ ಎಳೆಯುತ್ತಿದ್ದಳು. ಕೈಯಲ್ಲಿ ಬಿಸಿ ಚಹಾದ ಗ್ಲಾಸು. ಪಿನ್ ಒತ್ತಿದೆ.

ಬ್ಯಾಂಕಿನ ಮೆಸೇಜು ಬಂತು. "ಅದು ಹೋಲ್ಡ್ ಸರ್, ಹತ್ತು ನಿಮಿಷದಲ್ಲಿ ವಾಪಸ್ ಬರುತ್ತೆ" ಅಂದ. ಕಾರು ಹತ್ತಿದೆವು. ಅರಬೈಲ್ ಘಟ್ಟ ಇಳಿಯುವಾಗ ಸಿಗ್ನಲ್ ಇರಲಿಲ್ಲ. ಅಂಕೋಲಾದಲ್ಲಿ ಫೋನ್ ಮಾಡಿದರೆ ಸ್ವಿಚ್ ಆಫ್. ಆಗಲೇ ಹೊಟ್ಟೆಯಲ್ಲಿ ಏನೋ ಆಯಿತು, ಆದರೆ ಹೆಂಡತಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಅಲ್ಲೇ ಕಾರು ನಿಲ್ಲಿಸಿ ಕಂಪ್ಲೇಂಟ್ ಕೊಡಿಸುತ್ತಿದ್ದಳು. ಕಾರವಾರದಲ್ಲಿ ಊಟ ಮಾಡಿದೆವು. ನಾನು ಮಾಡಿದ ನಾಟಕ ಅಂದರೆ ಅದೇ. ಅನ್ನ ಕಲಸಿದ್ದು ಗೊತ್ತು, ತಿಂದದ್ದು ಗೊತ್ತಿಲ್ಲ.

ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದದ್ದು ನಿಮಗೆ ನೆನಪಿರಬಹುದು. ಅದರ ಪಕ್ಕದ ಹೊಸ ಸೇತುವೆ ದಾಟಿ, ಸದಾಶಿವಗಡದಿಂದ ಎಡಕ್ಕೆ ತಿರುಗಿ ಹೋದರೆ ದೇವಬಾಗ. ಮೂರು ಗಂಟೆಗೆ ಗೇಟಿನ ಮುಂದೆ ನಿಂತೆವು. ಮನೆ ಇತ್ತು. ಗಾಳಿಮರ ಇತ್ತು, ಫೋಟೋದಲ್ಲಿದ್ದ ಜೋಕಾಲಿಯೂ ಇತ್ತು. ಒಂದು ಕ್ಷಣ ಜೀವ ಬಂತು.

ಒಳಗಿಂದ ಒಬ್ಬ ಅಕ್ಕ ಬಂದರು. ಕೈಯಲ್ಲಿ ಗೆರೆ ಹಾಕಿದ ನೋಟ್‌ಬುಕ್. ಹೆಸರು ಕೇಳಿ ಬೆರಳಿಟ್ಟು ಹುಡುಕಿದರು, ಪುಟ ತಿರುಗಿಸಿದರು, ಆಮೇಲೆ ನನ್ನ ಮುಖ ನೋಡಿದರು. "ನೀವೂ ದುಡ್ಡು ಹಾಕಿದ್ರಾ?" ಆ 'ನೀವೂ' ಇದೆಯಲ್ಲ, ಅದಕ್ಕೇ ಕಾಲಿನ ಬಲ ಹೋಯಿತು. ಕಾಂಪೌಂಡಿನ ಮೇಲೆ ನೀಲಿ ಬಣ್ಣದಲ್ಲಿ ಅವರ ಫೋನ್ ನಂಬರ್ ಬರೆಸಿದ್ದರು. ನನ್ನ ಫೋನ್ ಪಕ್ಕಕ್ಕೆ ಹಿಡಿದು ನೋಡಿದೆ. ಹೆಸರು ಅದೇ, ಫೋಟೋ ಅವೇ. ನಂಬರ್ ಮಾತ್ರ ಪೂರ್ತಿ ಬೇರೆ.

"ನಮ್ಮ ಮಗ ಎರಡು ಸಲ ಸರಿ ಮಾಡಿದ ಮಾರಾಯ್ರೆ, ಮತ್ತೆ ಅದೇ ನಂಬರ್ ಬತ್ತದೆ. ನಾವೆಂತ ಮಾಡೂಕಾಗ್ತದೆ?" ಅಂದರು ಅಕ್ಕ. ಮ್ಯಾಪಿನಲ್ಲಿ ಒಂದು ಜಾಗದ ನಂಬರ್ ಬದಲಿಸಿ ಅಂತ ಯಾರು ಬೇಕಾದರೂ ಸೂಚಿಸಬಹುದು. ಸಣ್ಣ ಹೋಂಸ್ಟೇ ನಡೆಸುವವರು ಎಷ್ಟೋ ಸಲ ಆ ಪುಟವನ್ನು ತಮ್ಮ ಹೆಸರಿಗೆ ಮಾಡಿಕೊಂಡೇ ಇರುವುದಿಲ್ಲ. ಮೋಸಗಾರರಿಗೆ ಇಷ್ಟು ಸಾಕು. ಅನಿಸಿಕೆ ಬರೆದವರು ನಿಜವಾಗಿ ಉಳಿದು ಹೋದವರೇ, ಹೊಗಳಿದ್ದೂ ನಿಜ. ಹಾಗಾಗಿ ರೇಟಿಂಗ್ ನೋಡಿದೆ, ನಂಬಿದೆ ಅಂದರೆ ಅದರಲ್ಲಿ ಅರ್ಥವೇ ಇಲ್ಲ.

1930ಕ್ಕೆ ಫೋನ್ ಮಾಡಲು ಹೇಳಿದ್ದೂ ಆ ಅಕ್ಕನೇ. ಸೈಬರ್ ವಂಚನೆಯ ದೂರಿಗೆ ಇರುವ ಸಹಾಯವಾಣಿ ಅದು. ಯಾವ ಬ್ಯಾಂಕು, ಎಷ್ಟು ಹೊತ್ತಿಗೆ, ಎಷ್ಟು ಹಣ, ಯಾವ ಐಡಿಗೆ ಹೋಯಿತು, ಹನ್ನೆರಡು ಅಂಕಿಯ ಯುಟಿಆರ್ ನಂಬರ್ ಏನು, ಇಷ್ಟು ಕೇಳಿದರು. ಯುಟಿಆರ್ ಅಂದರೇನು ಅಂತಲೇ ನನಗೆ ಗೊತ್ತಿರಲಿಲ್ಲ. ಪ್ರತಿ ಪಾವತಿಗೂ ಇರುವ ಗುರುತಿನ ನಂಬರ್ ಅದು. ಆ್ಯಪಿನಲ್ಲಿ ಆ ಪಾವತಿಯ ಮೇಲೆ ಒತ್ತಿದರೆ ಕಾಣುತ್ತದೆ, ಈಗಲೇ ಒಮ್ಮೆ ನೋಡಿ ಇಟ್ಟುಕೊಳ್ಳಿ. ಬೇಗ ಹೇಳಿದರೆ ಹಣ ಮುಂದಿನ ಖಾತೆಗಳಿಗೆ ಹಾರುವ ಮೊದಲೇ ತಡೆಯಲು ಆಗುತ್ತದೆ. ನಾನು ನಾಚಿಕೆಗೆ ಮೂರೂವರೆ ತಾಸು ಕಳೆದಿದ್ದೆ. ಕೊನೆಗೆ ₹6,000 ಒಂದು ಖಾತೆಯಲ್ಲಿ ಸಿಕ್ಕಿ ತಡೆದಿದ್ದಾರೆ ಅಂತ ತಿಳಿಯಿತು. ಅದು ಕೈಗೆ ಬರಲು ಇನ್ನೂ ಓಡಾಟ ಇದೆ. ಉಳಿದದ್ದು ಹೋಯಿತು.

ಅವತ್ತು ರಾತ್ರಿ ಅಕ್ಕ ತಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಕೋಣೆ ಮಾಡಿಕೊಟ್ಟರು. ನಾವು ಮೀನು ತಿನ್ನುವುದಿಲ್ಲ ಅಂತ ಅನ್ನ, ಸಾರು, ಸೋಲ್ ಕಡಿ ಮಾಡಿದರು. ಮರುದಿನ ಟಾಗೋರ್ ಬೀಚಿಗೆ ಹೋದೆವು. ಅಣ್ಣ ಸತ್ಯೇಂದ್ರನಾಥ್ ಇಲ್ಲಿ ಜಡ್ಜ್ ಆಗಿದ್ದಾಗ 22ರ ಹುಡುಗ ಟಾಗೋರ್ ಬಂದು ಉಳಿದಿದ್ದರು. ಅದಕ್ಕೇ ಆ ಹೆಸರು. ಮಗಳು ಪಕ್ಕದಲ್ಲಿರುವ ಐಎನ್‌ಎಸ್ ಚಪಲ್ ಯುದ್ಧನೌಕೆ ನೋಡಿ ಕುಣಿದಾಡಿದಳು. ನಾನು ಹೊರಗೆ ಮರಳಲ್ಲಿ ಕೂತು ಬ್ಯಾಂಕಿನವರ ಜೊತೆ ಫೋನಿನಲ್ಲಿದ್ದೆ.

ನಾನೀಗ ಏನು ಮಾಡುತ್ತೇನೆ ಹೇಳುತ್ತೇನೆ. ನಂಬರನ್ನು ಒಂದೇ ಕಡೆಯಿಂದ ತೆಗೆದುಕೊಳ್ಳುವುದಿಲ್ಲ. ಅನಿಸಿಕೆಗಳ ಜೊತೆ ಜನ ಹಾಕಿದ ಫೋಟೋಗಳಲ್ಲಿ ಬೋರ್ಡು ಇರುತ್ತದೆ, ಅದನ್ನು ದೊಡ್ಡದು ಮಾಡಿ ನಂಬರ್ ಓದುತ್ತೇನೆ. ಅಡ್ವಾನ್ಸ್ ಹಾಕುವ ಮೊದಲು ವಿಡಿಯೋ ಕಾಲ್ ಮಾಡಿ ಗೇಟು ತೋರಿಸಿ ಅನ್ನುತ್ತೇನೆ. ನಿಜವಾದ ಮಾಲೀಕರಿಗೆ ಅದರಲ್ಲಿ ಬೇಜಾರಿಲ್ಲ, ನಗುತ್ತಾ ನಾಯಿ, ದನ ಎಲ್ಲ ತೋರಿಸುತ್ತಾರೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ ಅಂತಲೂ ಕೇಳುತ್ತೇನೆ. ದಾರಿಯನ್ನಂತೂ ಬಾಯಲ್ಲೇ ಹೇಳಿಸುತ್ತೇನೆ. ಇನ್ನು ಪಿನ್. ಪಿನ್ ಒತ್ತಿದರೆ ನಿಮ್ಮ ಹಣ ಹೋಗುತ್ತದೆ, ಬರುವ ಹಣಕ್ಕೆ ಪಿನ್ ಬೇಕಾಗಿಲ್ಲ. ಕೋಡ್ ಅನ್ನಲಿ, ರಿಫಂಡ್ ಅನ್ನಲಿ, ಏನೇ ಅನ್ನಲಿ.

ಹದಿನೈದು ದಿನದ ಹಿಂದೆ ಹೊಸ ನಂಬರಿನಿಂದ ಫೋನ್ ಬಂತು. "ಸರ್, ಕಾರವಾರ ಬುಕಿಂಗ್ ರಿಫಂಡ್ ಬಾಕಿ ಇದೆ, ಒಂದು ಕೋಡ್ ಹಾಕಬೇಕು." ನಾನು ಮಾತಾಡದೆ ಫೋನನ್ನು ಅವ್ವನ ಕೈಗೆ ಕೊಟ್ಟೆ. "ಕಾಳಿ ಸೇತುವೆ ದಾಟಿ ಎಡಕ್ಕ ಹೊಳ್ಳಬೇಕೋ ಬಲಕ್ಕೋ, ಮೊದಲು ಅದನ್ನ ಹೇಳಪಾ" ಅಂದಳು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಲೈನ್ ಕಟ್ಟಾಯಿತು.