ಕೂಗುವ ಕುಕ್ಕರ್, ಕೂಗದ ಕುಕ್ಕರ್

ನಮ್ಮಮ್ಮ ಗಡಿಯಾರ ನೋಡಿ ಅಡುಗೆ ಮಾಡುವವರಲ್ಲ, ಕೂಗು ಎಣಿಸಿ ಮಾಡುವವರು. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಒಣ ಅವರೆಕಾಳಿಗೆ ಏಳೋ ಎಂಟೋ. ಅವರ ಮುಂದೆ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಇಟ್ಟಾಗ, "ಇದು ಆನ್ ಆಗಿದೆಯೇನಮ್ಮಾ?" ಅಂತ ಮೊದಲ ದಿನವೇ ನಾಲ್ಕು ಸಲ ಕೇಳಿದರು.

ಕೋಲಾರದ ನಮ್ಮ ಮನೆಯಲ್ಲಿ ಎರಡು ವಾರ ಮೂರನ್ನು ಬಳಸಿ ನೋಡಿದೆ. ಗ್ಯಾಸ್ ಮೇಲಿಡುವ ನಮ್ಮ ಹಳೇ 5 ಲೀಟರ್ ಕುಕ್ಕರ್, ತಂಗಿ ಮನೆಯ ರೈಸ್ ಕುಕ್ಕರ್, ಗೆಳತಿ ಎರವಲು ಕೊಟ್ಟ 6 ಲೀಟರಿನ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್.

ರೈಸ್ ಕುಕ್ಕರ್ ಅನ್ನಕ್ಕೆ ಚೆನ್ನ, ಕಾಳಿಗೆ ಬೇಡ. ನಮ್ಮೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಪ್ರೆಶರ್ ಇಲ್ಲದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮೇಲೆ ಬೋರ್‌ವೆಲ್‌ನ ಗಡಸು ನೀರು ಬೇರೆ. ಒಂದು ಗಂಟೆ ಬೆಂದರೂ ಅವರೆಕಾಳು ಹಲ್ಲಿಗೆ ಕಟುಕುಟು ಅನ್ನುತ್ತಿತ್ತು.

ನಿಜವಾದ ಪೈಪೋಟಿ ಉಳಿದೆರಡರದು. ಗ್ಯಾಸ್ ಕುಕ್ಕರಿನ ಒಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ. ಎಲೆಕ್ಟ್ರಿಕ್‌ನಲ್ಲಿ ಸಾಮಾನ್ಯವಾಗಿ ಪ್ರೆಶರ್ ಕಮ್ಮಿ, ಬಿಸಿಯೂ ನಾಲ್ಕೈದು ಡಿಗ್ರಿ ಕಮ್ಮಿ. ಹಾಗಾಗಿ ರಾತ್ರಿ ನೆನೆಸಿದ ಅವರೆಕಾಳು ಗ್ಯಾಸ್ ಮೇಲೆ 25 ನಿಮಿಷಕ್ಕೆ ತಯಾರಾದರೆ, ಇದರಲ್ಲಿ 45 ನಿಮಿಷ ಹಿಡಿಯಿತು. ಸುಮ್ನೆ ದುಡ್ಡು ದಂಡ ಅನ್ನಿಸಿತು. ಆದರೆ ಆ 45 ನಿಮಿಷ ನಾನು ಅಡುಗೆಮನೆಯಲ್ಲಿ ಇರಲೇ ಇಲ್ಲ! ಬಟ್ಟೆ ಒಣಗಿಸಿ, ಮಗನಿಗೆ ಜಡೆ... ಅಲ್ಲ, ಮಗಳಿಗೆ ಜಡೆ ಹಾಕಿ, ಮಗನ ಶೂ ಹುಡುಕಿ ಬಂದೆ. ಕಾಳು ಬೆಂದು ತಣ್ಣಗೆ ಕೂತಿತ್ತು. ಕೂಗು ಎಣಿಸಿ ಉರಿ ಸಣ್ಣ ಮಾಡುವ ಕೆಲಸವಿಲ್ಲ, ಒಲೆ ಮೇಲೆ ನೀರು ಚೆಲ್ಲುವುದಿಲ್ಲ. 1000 ವಾಟ್ ಅಂತ ಬರೆದಿದ್ದರೂ ಪ್ರೆಶರ್ ತುಂಬಿದ ಮೇಲೆ ಅದು ಆಗಾಗ ಮಾತ್ರ ಕರೆಂಟು ಎಳೆಯುತ್ತದೆ.

ಒಂದು ಮಾತು: ನೀರು ಕಮ್ಮಿ ಹಾಕಿ. ಆವಿ ಹೊರಗೆ ಹೋಗುವುದು ತೀರಾ ಕಡಿಮೆ. ಹಳೇ ಅಳತೆಯಲ್ಲಿ ಇಟ್ಟ ಅನ್ನ ಗಂಜಿಯಾಯಿತು. ಬಸ್ಸಾರಿಗೆ ಮಾತ್ರ ಇದು ಲಾಭ, ಕಟ್ಟು ಧಾರಾಳ ಸಿಕ್ಕಿತು.

ತೊಂದರೆಗಳೂ ಇವೆ. ಮುಚ್ಚಳದ ರಬ್ಬರ್ ವಾಸನೆ ಹಿಡಿದುಕೊಳ್ಳುತ್ತದೆ. ಉಪ್ಸಾರಿನ ಮಾರನೇ ದಿನ ಮಾಡಿದ ಪಾಯಸ ಬೆಳ್ಳುಳ್ಳಿ ಘಮ್ಮೆಂದಿತು. ಕರೆಂಟು ಹೋದರೆ ಮನೆಯ ಸಣ್ಣ ಯುಪಿಎಸ್ ಇದನ್ನು ಎಳೆಯುವುದಿಲ್ಲ. ಮುದ್ದೆಯಂತೂ ಆಗದ ಮಾತು. ಕೋಲು ಹಾಕಿ ತಿರುವಿದರೆ ಒಳಪಾತ್ರೆಯೇ ಗಿರಕಿ ಹೊಡೆಯುತ್ತದೆ.

ಕೊನೆಗೆ ಸ್ಟೀಲ್ ಒಳಪಾತ್ರೆ ಇರುವ 6 ಲೀಟರಿನದನ್ನೇ ಕೊಂಡೆ. ನಾನ್‌ಸ್ಟಿಕ್ ನಮ್ಮ ಸೌಟಿನ ಕೈಗೆ ಉಳಿಯುವುದಿಲ್ಲ. ಖಾರಕ್ಕೊಂದು, ಸಿಹಿಗೊಂದು ಅಂತ ಎರಡು ರಬ್ಬರ್ ತರಿಸಿದೆ. ಹಳೇ ಕುಕ್ಕರಿಗೂ ಒಂದು ಹೊಸ ರಬ್ಬರ್ ಬಂತು. ಅನ್ನದ ಮೂರು ಕೂಗು ಅಮ್ಮನಿಗೆ ಈಗಲೂ ಬೇಕು.