ದಿ ಕಿಲ್ಲಿಂಗ್ ಜೋಕ್: ಪುಸ್ತಕವೋ, ಚಿತ್ರವೋ?

ಮಡಿಕೇರಿಯ ಕಾಮಿಕ್ಸ್ ಪ್ರಿಯರ ನಡುವೆ ‘ಬ್ಯಾಟ್‌ಮ್ಯಾನ್: ದಿ ಕಿಲ್ಲಿಂಗ್ ಜೋಕ್’ ಅನ್ನು ಮೊದಲು ಓದಬೇಕೋ ನೋಡಬೇಕೋ ಎಂಬ ಚರ್ಚೆ ಬಂದಾಗಲೆಲ್ಲ ನಾನು 1988ರ ಪುಸ್ತಕದ ಪರವಾಗಿಯೇ ನಿಲ್ಲುತ್ತೇನೆ. ಐವತ್ತು ಪುಟವೂ ಇಲ್ಲದ ಆ ಕಥೆಗೆ 2016ರ ಆ್ಯನಿಮೇಷನ್ ಚಿತ್ರವು ಬ್ಯಾಟ್‌ಮ್ಯಾನ್‌ನ ಸಹಚರಿ ಬ್ಯಾಟ್‌ಗರ್ಲ್ ಕುರಿತ ಸುಮಾರು ಅರ್ಧ ಗಂಟೆಯ ಹೊಸ ಪೂರ್ವಭಾಗವನ್ನು ಸೇರಿಸಿತು. ಆಕೆಗೆ ಹೆಚ್ಚಿನ ಮಹತ್ವ ನೀಡಲೆಂದು ಬಂದ ಈ ಭಾಗವೇ, ಆಕೆಯನ್ನು ಬ್ಯಾಟ್‌ಮ್ಯಾನ್‌ನೊಂದಿಗೆ ದೈಹಿಕ ಸಂಬಂಧಕ್ಕೆ ಎಳೆದುತಂದದ್ದರಿಂದ, ಅಭಿಮಾನಿಗಳ ತೀವ್ರ ಆಕ್ಷೇಪಕ್ಕೆ ಗುರಿಯಾಯಿತು. ಮೂಲದ ಮೊದಲ ಹಾಗೂ ಕೊನೆಯ ಚೌಕಗಳಲ್ಲಿ ಬ್ರಯಾನ್ ಬೋಲಂಡ್ ಚಿತ್ರಿಸಿದ, ಮಳೆಹನಿ ಬಿದ್ದು ನೀರಿನಲ್ಲಿ ಏಳುವ ಉಂಗುರಗಳನ್ನು ನಿಧಾನವಾಗಿ ನೋಡುವ ಬಿಡುವು ಪರದೆಯ ಮೇಲೆ ಸಿಗುವುದಿಲ್ಲ. (ಕೊಡಗಿನ ಮಳೆಗಾಲದ ಕಕ್ಕಡ ಮಾಸದ ಮಳೆಗೆ ಕರೆಂಟು ಹೋದರೂ ಪುಸ್ತಕ ಕೈಕೊಡುವುದಿಲ್ಲ.) ಕಥೆಯ ಖಳನಾಯಕ ಜೋಕರ್‌ನ ನಗುವನ್ನು ಮಾರ್ಕ್ ಹ್ಯಾಮಿಲ್ ಅವರ ಕಂಠದಲ್ಲೇ ಕೇಳಬೇಕೆನ್ನುವವರು ಮಾತ್ರ ಪೂರ್ವಭಾಗವನ್ನು ಹಾರಿಸಿ ಚಿತ್ರವನ್ನು ನೋಡಬಹುದು. ಎರಡೂ ಮಕ್ಕಳಿಗೆ ತಕ್ಕವಲ್ಲ.